ಬೆಕ್ಕಿನ ಕಣ್ಣಿನಲ್ಲಿ ಪಿಸುರು: ಮನೆಯಲ್ಲಿ ಉಳಿದಿರುವ ಡ್ರಾಪ್ಸ್ ಹಾಕಬಹುದೇ?

ಪ್ರಶ್ನೆ: ನಮ್ಮ ಬೆಕ್ಕು ಗೌರಿಗೆ ಈಗ ಮೂರು ವರ್ಷ. ಚೌತಿಯ ಮಳೆಯಲ್ಲಿ ಸೊಸೈಟಿಯ ಪಾರ್ಕಿಂಗ್ ಜಾಗದಲ್ಲಿ ಕಾರಿನಡಿ ಸಿಕ್ಕಿದ ಮರಿ. ಆಗ ಎರಡೂ ಕಣ್ಣು ಗೀಜುಗಟ್ಟಿ ಅಂಟಿಕೊಂಡಿದ್ದವು. ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ ವಾಸಿಯಾಗಿತ್ತು. ಈ ಸಲ ದೀಪಾವಳಿ ಕಳೆದ ಮೇಲೆ ಮದುವೆಗೆಂದು ಉಡುಪಿಗೆ ಹೋಗಿದ್ದೆವು. ಒಂದು ವಾರ ಅವಳನ್ನು ಸಾಕುಪ್ರಾಣಿಗಳ ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆವು. ಮರಳಿ ಬಂದ ಮೂರನೇ ದಿನಕ್ಕೆ ಸೀನು ಶುರುವಾಯಿತು, ಬಲಗಣ್ಣಿನಿಂದ ನೀರು ಸುರಿಯತೊಡಗಿತು. ಈಗ ಹಳದಿ ಪಿಸುರು ಬರುತ್ತಿದೆ, ಬೆಳಿಗ್ಗೆ ಏಳುವಾಗ ಕಣ್ಣು ಅಂಟಿರುತ್ತದೆ, ಹಗಲಿನಲ್ಲೂ ಅರ್ಧ ಮುಚ್ಚಿಕೊಂಡೇ ಇರುತ್ತಾಳೆ. ಪಕ್ಕದ ಕಟ್ಟಡವನ್ನು ಹೊಸದಾಗಿ ಕಟ್ಟಲೆಂದು ಒಡೆಯುತ್ತಿದ್ದಾರೆ, ಮನೆ ತುಂಬ ಧೂಳು. ಅದರಿಂದಲೇ ಹೀಗಾಗಿರಬಹುದೇ? ಅತ್ತೆ ನಂದಿಬಟ್ಟಲು ಹೂವಿನ ನೀರು ಬಿಡು ಎನ್ನುತ್ತಾರೆ, ಪಕ್ಕದ ಮನೆಯವರು ಗುಲಾಬಿ ಜಲ ಎನ್ನುತ್ತಾರೆ. ಯಜಮಾನರಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್ ಫ್ರಿಜ್‌ನಲ್ಲಿ ಉಳಿದಿತ್ತು. ನಿನ್ನೆ ಎರಡು ಸಲ ಹಾಕಿದೆ, ಕೆಂಪು ಚೆನ್ನಾಗಿ ಇಳಿದಿದೆ. ಮುಂದುವರಿಸಬಹುದೇ? ಮುಂದಿನ ತಿಂಗಳು ಮಗಳು ಹೆರಿಗೆಗೆ ಬರುತ್ತಾಳೆ. ಇದು ಅವಳಿಗೆ, ಮಗುವಿಗೆ ಅಂಟುವ ಕಾಯಿಲೆಯೇ? ಪೂರ್ತಿ ಗುಣವಾಗುತ್ತದೆಯೇ, ಇಲ್ಲ ಜೀವಮಾನವಿಡೀ ಹೀಗೆಯೇ?
– ಓದುಗರೊಬ್ಬರು, ಮುಲುಂಡ್, ಮುಂಬೈ

ಉತ್ತರ: ಡ್ರಾಪ್ಸ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿ. ಅದನ್ನು ಈಗಲೇ ನಿಲ್ಲಿಸಿ. ಇನ್ನೊಂದು ಹನಿಯೂ ಬೇಡ. ನಾಳೆಯೊಳಗೆ ಗೌರಿಯನ್ನು ಪಶುವೈದ್ಯರಿಗೆ ತೋರಿಸಿ. ಈ ಅವಸರ ಪಿಸುರು ಬರುತ್ತಿದೆ ಎಂಬ ಕಾರಣಕ್ಕಲ್ಲ, ಕಣ್ಣು ಅರ್ಧ ಮುಚ್ಚಿಕೊಂಡಿದೆ ಎಂಬ ಕಾರಣಕ್ಕೆ.

ಪತ್ರ ಬರೆಯುವವರು, ಕ್ಲಿನಿಕ್ಕಿಗೆ ಬರುವವರು ಎಲ್ಲರೂ ಪಿಸುರಿನ ಬಣ್ಣವನ್ನೇ ವರ್ಣಿಸುತ್ತಾರೆ. ಹಳದಿ, ಹಸಿರು, ಕಂದು ಎಂದು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಾರೆ. ಬಣ್ಣದಿಂದ ಒಂದಿಷ್ಟು ತಿಳಿಯುತ್ತದೆ, ನಿಜ. ಆದರೆ ಬೆಕ್ಕು ಕಣ್ಣನ್ನು ಕಿರಿದು ಮಾಡಿಕೊಂಡಿದೆಯೇ ಎಂಬುದು ಅದಕ್ಕಿಂತ ಬಹಳ ದೊಡ್ಡ ಸುಳಿವು. ಕಣ್ಣು ಮುಚ್ಚಿಕೊಳ್ಳುವುದು ಎಂದರೆ ನೋವು. ಬೆಕ್ಕು ನೋವನ್ನು ಕೂಗಿ ಹೇಳುವ ಪ್ರಾಣಿಯಲ್ಲ. ಹಲ್ಲು ನೋಯುತ್ತಿದ್ದರೂ, ಮೂಳೆ ಮುರಿದಿದ್ದರೂ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಕಣ್ಣಿನ ವಿಷಯದಲ್ಲಿ ಮಾತ್ರ ರೆಪ್ಪೆ ಅದರ ಗುಟ್ಟು ಬಿಟ್ಟುಕೊಡುತ್ತದೆ. ಗೌರಿ ನಿಮ್ಮ ಎದುರು ಕುಳಿತಾಗ ಎರಡೂ ಕಣ್ಣುಗಳ ಮೇಲ್ರೆಪ್ಪೆಯ ಅಂಚಿನ ಕೂದಲನ್ನು ಹೋಲಿಸಿ ನೋಡಿ. ಆರೋಗ್ಯದ ಕಣ್ಣಿನಲ್ಲಿ ಅವು ಮುಂದಕ್ಕೆ ಚಾಚಿರುತ್ತವೆ. ನೋಯುವ ಕಣ್ಣಿನಲ್ಲಿ ಕೆಳಮುಖವಾಗಿ ಬಾಗಿರುತ್ತವೆ. ಒಳಮೂಲೆಯಿಂದ ತೆಳು ಗುಲಾಬಿ ಪೊರೆಯೊಂದು ಸರಿದು ಬಂದಿದ್ದರೆ ಅದು ಬೆಕ್ಕಿನ ಮೂರನೇ ರೆಪ್ಪೆ. ಒಂದೇ ಕಣ್ಣಿನಲ್ಲಿ ಅದು ಕಾಣಿಸಿಕೊಂಡರೆ ಆ ಕಣ್ಣು ತೊಂದರೆಯಲ್ಲಿದೆ ಎಂದೇ ತಿಳಿಯಬೇಕು.

ಬಣ್ಣದ ವಿಷಯವನ್ನು ಬೇಗ ಮುಗಿಸುತ್ತೇನೆ. ಬೆಳಿಗ್ಗೆ ಒಳಮೂಲೆಯಲ್ಲಿ ಕಾಣುವ ಸಣ್ಣ ಕಂದು ಹರಳು ರೋಗವಲ್ಲ, ಒಣಗಿದ ಕಣ್ಣೀರು. ಪರ್ಷಿಯನ್ ಬೆಕ್ಕುಗಳ ಮೂಗಿನ ಬದಿಯಲ್ಲಿ ಇಳಿಯುವ ಕಂದು ಕಲೆಯೂ ಹೆಚ್ಚಿನ ಸಲ ಇದೇ. ಚಪ್ಪಟೆ ಮುಖದಲ್ಲಿ ಕಣ್ಣೀರಿನ ನಾಳ ಮಡಚಿಕೊಂಡಿರುವುದರಿಂದ ನೀರು ಮೂಗಿಗೆ ಇಳಿಯದೆ ಕೆನ್ನೆಗೆ ಇಳಿಯುತ್ತದೆ. ಹಳದಿ ಅಥವಾ ಹಸಿರು ಪಿಸುರಿನಲ್ಲಿ ಕೀವು ಇರುತ್ತದೆ, ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎನ್ನುವುದಕ್ಕೆ ಅದು ಸೂಚನೆ. ಆದರೆ ತಿಳಿನೀರು ಮಾತ್ರ ಬರುತ್ತಿದೆ, ಆದ್ದರಿಂದ ಗಂಭೀರವಲ್ಲ ಎನ್ನುವ ನಂಬಿಕೆ ತಪ್ಪು. ಬರೀ ನೀರು ಸುರಿಯುವ ಕಣ್ಣಿನಲ್ಲಿ ಆಳವಾದ ಹುಣ್ಣು ಇರಬಹುದು. ಕಣ್ಣ ತುಂಬ ಹಳದಿ ಪಿಸುರಿದ್ದರೂ ಕೆಳಗಿನ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ನಿರ್ಮಲವಾಗಿರಬಹುದು. ಒರೆಸಿದ ಮೇಲೆ ಒಳಗೆ ಏನಿದೆ ಎನ್ನುವುದೇ ಮುಖ್ಯ.

ಈಗ ಕಾರಣಕ್ಕೆ ಬರೋಣ. ನಿಮ್ಮ ಪತ್ರದಲ್ಲೇ ಅದರ ಉತ್ತರ ಅಡಗಿದೆ: ಮರಿಯಾಗಿದ್ದಾಗ ಎರಡೂ ಕಣ್ಣು ಅಂಟಿದ್ದವು, ಈಗ ಒಂದು ವಾರ ಅಪರಿಚಿತ ಜಾಗದಲ್ಲಿದ್ದಳು, ಬಂದ ಮೇಲೆ ಸೀನು, ಆಮೇಲೆ ಕಣ್ಣು. ಪರೀಕ್ಷಿಸದೆ ರೋಗದ ಹೆಸರು ಹೇಳುವುದು ತಪ್ಪು. ಆದರೂ ಈ ಕ್ರಮವನ್ನು ಕೇಳಿದ ಯಾವ ಪಶುವೈದ್ಯರ ಮನಸ್ಸಿಗೂ ಮೊದಲು ಬರುವುದು ಬೆಕ್ಕಿನ ಹರ್ಪಿಸ್ ವೈರಸ್. ಬೀದಿಯ ಮರಿಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಮಳೆಗಾಲದಲ್ಲಿ ಮೆಟ್ಟಿಲಡಿ, ಕಾರಿನಡಿ ಸಿಗುವ ಅಂಟುಗಣ್ಣಿನ ಮರಿಗಳನ್ನು ನೋಡಿದಾಗ ನಾವು ಮೊದಲು ಅದನ್ನೇ ಸಂಶಯಿಸುತ್ತೇವೆ. ಮರಿಯ ಕಣ್ಣು ವಾಸಿಯಾಗುತ್ತದೆ, ವೈರಸ್ ಮಾತ್ರ ಹೋಗುವುದಿಲ್ಲ. ಮುಖದ ನರಗಳ ಬುಡದಲ್ಲಿರುವ ನರಗಂಟಿನಲ್ಲಿ ಅಡಗಿ ಕೂರುತ್ತದೆ. ವರ್ಷಗಟ್ಟಲೆ ಅಲ್ಲಿಂದ ಅಲುಗದೆಯೂ ಇರಬಹುದು. ಬೆಕ್ಕು ಗಾಬರಿಗೊಂಡಾಗ, ಜಾಗ ಬದಲಾದಾಗ, ಇನ್ನೊಂದು ಕಾಯಿಲೆ ಬಂದಾಗ, ಸ್ಟೀರಾಯ್ಡ್ ಔಷಧಿ ಕೊಟ್ಟಾಗ ನರದ ಉದ್ದಕ್ಕೂ ಮತ್ತೆ ಇಳಿದು ಕಣ್ಣು, ಮೂಗಿಗೆ ಬರುತ್ತದೆ.

ಇದು ಒತ್ತಡ ಆದ ದಿನವೇ ನಡೆಯುವುದಿಲ್ಲ. ಸಾಮಾನ್ಯವಾಗಿ 4ರಿಂದ 11 ದಿನಗಳ ಅಂತರ ಇರುತ್ತದೆ. ಬೋರ್ಡಿಂಗ್‌ನಿಂದ ಕರೆತಂದ ದಿನ ಚೆನ್ನಾಗಿಯೇ ಇದ್ದಳಲ್ಲ ಎಂದು ನೀವು ಯೋಚಿಸಿರಬಹುದು; ಆ ದಿನ ಚೆನ್ನಾಗಿದ್ದದ್ದು ನಿಜ. ಬಿಟ್ಟು ಬಂದ ದಿನದಿಂದ ಲೆಕ್ಕ ಹಾಕಿದರೆ ಸೀನು ಬಂದದ್ದು ಸುಮಾರು ಹತ್ತನೇ ದಿನ. ಹಾಗೆಂದು ಬೋರ್ಡಿಂಗ್‌ನವರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಅರ್ಥವಲ್ಲ. ಎಷ್ಟೇ ಒಳ್ಳೆಯ ಜಾಗವಾದರೂ ಅದು ಅವಳ ಮನೆಯಲ್ಲ. ಊರಿಗೆ ಹೋದದ್ದು ತಪ್ಪಾಯಿತು ಎಂದು ನೀವೂ ಕೊರಗಬೇಡಿ, ಮದುವೆಗೆ ಹೋಗಲೇಬೇಕು.

ಧೂಳಿನ ಬಗ್ಗೆ ಕೇಳಿದ್ದೀರಿ. ಮುಲುಂಡ್, ಘಾಟ್ಕೋಪರ್, ಮಾಟುಂಗಾ ಎಲ್ಲ ಕಡೆಯೂ ಹಳೆಯ ಕಟ್ಟಡಗಳನ್ನು ಕೆಡವಿ ಕಟ್ಟುತ್ತಿರುವುದರಿಂದ ಕಣ್ಣಿನ ಪ್ರತಿಯೊಂದು ತೊಂದರೆಗೂ ಧೂಳನ್ನೇ ದೂರುವುದು ರೂಢಿಯಾಗಿದೆ. ಸಿಮೆಂಟಿನ ಧೂಳಿನಿಂದ ಕಣ್ಣು ಉರಿಯುತ್ತದೆ, ನೀರು ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಎರಡೂ ಕಣ್ಣುಗಳಲ್ಲಿ, ತಿಳಿನೀರಾಗಿ, ಕಿಟಕಿ ಮುಚ್ಚಿದರೆ ಕಡಿಮೆಯಾಗುವ ರೀತಿಯಲ್ಲಿ ಇರುತ್ತದೆ. ಒಂದೇ ಕಣ್ಣು ಹೀಗೆ ಕೀವುಗಟ್ಟಿ ಮುಚ್ಚಿಕೊಂಡಿದ್ದರೆ ಬರೀ ಧೂಳು ಎಂದು ಬಿಡಲಾಗದು. ಧೂಳಿನಿಂದಲೇ ಎನ್ನಬಹುದಾದ ಒಂದು ಸಾಧ್ಯತೆ ಇದೆ: ಸಣ್ಣ ಮರಳಿನ ಕಣವೊಂದು ಮೂರನೇ ರೆಪ್ಪೆಯ ಹಿಂದೆ ಸಿಕ್ಕಿಕೊಂಡು ಕಾರ್ನಿಯಾವನ್ನು ಉಜ್ಜುತ್ತಿರುವುದು. ಹೊರಗಿನಿಂದ ಅದು ಕಾಣುವುದಿಲ್ಲ. ವೈದ್ಯರು ಮರಗಟ್ಟಿಸುವ ಹನಿ ಹಾಕಿ ಆ ರೆಪ್ಪೆಯನ್ನು ಎತ್ತಿ ನೋಡಬೇಕು.

ಹರ್ಪಿಸ್ ಒಂದೇ ಅಲ್ಲ, ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾವೂ ಬೆಕ್ಕಿನ ಕಣ್ಣಿಗೆ ಬರುತ್ತದೆ. ಅದು ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವು ದಿನಗಳಲ್ಲಿ ಇನ್ನೊಂದಕ್ಕೆ ಹರಡುತ್ತದೆ. ಕಣ್ಣಿನ ಒಳಪೊರೆ ನೀರು ತುಂಬಿ ಉಬ್ಬಿಕೊಂಡಿರುತ್ತದೆ, ಸೀನು ಅಷ್ಟಾಗಿ ಇರುವುದಿಲ್ಲ. ಬೋರ್ಡಿಂಗ್‌ನಲ್ಲಿ ಬೇರೆ ಬೆಕ್ಕುಗಳ ಜೊತೆ ಇದ್ದುದರಿಂದ ಅದನ್ನೂ ಮನಸ್ಸಿನಲ್ಲಿಡಬೇಕು. ಕ್ಯಾಲಿಸಿವೈರಸ್ ಇದ್ದರೆ ನಾಲಿಗೆಯ ಮೇಲೆ ಹುಣ್ಣುಗಳಾಗುತ್ತವೆ, ಜೊಲ್ಲು ಸುರಿಯುತ್ತದೆ. ವಯಸ್ಸಾದ ಬೆಕ್ಕಿಗೆ ಮೇಲ್ದವಡೆಯ ಹಲ್ಲಿನ ಬೇರು ಕೊಳೆತು ಕಣ್ಣಿನ ಕೆಳಗೆ ಬಾವು ಬರಬಹುದು. ಕಣ್ಣಿನ ಒಳಗಿನ ಉರಿಯೂತ, ಒತ್ತಡದ ಏರಿಕೆ ಇವು ಬೇರೆಯೇ ಕಥೆ. ಕಣ್ಣುಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ ಕಂಡರೆ, ಕಣ್ಣು ಮಬ್ಬಾಗಿ ನೀಲಿಛಾಯೆಗೆ ತಿರುಗಿದರೆ ಆ ರಾತ್ರಿಯೇ ತೋರಿಸಬೇಕು, ಬೆಳಗಾಗಲಿ ಎಂದು ಕಾಯಬಾರದು.

ಈಗ ನಿಮ್ಮ ಫ್ರಿಜ್‌ನಲ್ಲಿರುವ ಬಾಟಲಿ. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಮನುಷ್ಯರಿಗೆ ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಕೆಲವೊಮ್ಮೆ ಆಂಟಿಬಯಾಟಿಕ್ ಜೊತೆ ಒಂದೇ ಬಾಟಲಿಯಲ್ಲಿ. ಲೇಬಲ್ ಓದಿ ನೋಡಿ: ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಲೊಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್, ಫ್ಲೋರೊಮೆಥೊಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ನಿಮ್ಮ ಯಜಮಾನರಿಗೆ ಅದು ಸರಿಯಾದ ಔಷಧಿಯೇ ಆಗಿತ್ತು. ಗೌರಿಯ ಕಣ್ಣಿಗೆ ಅದು ಎರಡು ರೀತಿಯಲ್ಲಿ ಕೆಡುಕು ಮಾಡಬಲ್ಲದು. ಹರ್ಪಿಸ್ ಇದ್ದರೆ ದೇಹದ ಪ್ರತಿರೋಧವನ್ನು ಆ ಜಾಗದಲ್ಲಿ ಅಡಗಿಸಿ ವೈರಸ್ಸಿಗೆ ದಾರಿ ಬಿಟ್ಟುಕೊಡುತ್ತದೆ. ಕಾರ್ನಿಯಾದ ಮೇಲೆ ಹುಣ್ಣು ಇದ್ದರೆ ಅದು ಮಾಯುವುದನ್ನು ತಡೆದು ಆಳಕ್ಕೆ ಇಳಿಸುತ್ತದೆ. ಬೆಕ್ಕಿನ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಅದು ಕರಗತೊಡಗಿದರೆ ಕಣ್ಣು ತೂತಾಗಲು ಕೆಲವೊಮ್ಮೆ ಒಂದೆರಡು ದಿನ ಸಾಕು.

ಕೆಂಪು ಇಳಿಯಿತು ಎಂದು ಬರೆದಿದ್ದೀರಿ. ನನ್ನನ್ನು ಅತಿ ಹೆಚ್ಚು ಕಳವಳಗೊಳಿಸಿದ ವಾಕ್ಯ ಅದೇ. ಸ್ಟೀರಾಯ್ಡ್ ಕೆಂಪನ್ನು ಇಳಿಸಿಯೇ ಇಳಿಸುತ್ತದೆ, ಅದರ ಕೆಲಸವೇ ಅದು. ಮನೆಯವರು ಔಷಧಿ ಹತ್ತಿತು ಎಂದು ಸಮಾಧಾನಪಟ್ಟು ಮುಂದುವರಿಸುತ್ತಾರೆ. ಆ ಹೊತ್ತಿಗೆ ಒಳಗಿನ ಹುಣ್ಣು ಬೆಳೆಯುತ್ತಿರುತ್ತದೆ. ಹೀಗೆ ಉಳಿಕೆ ಡ್ರಾಪ್ಸ್ ಹಾಕಿ ಒಂದು ವಾರ ಕಳೆದ ಮೇಲೆ ತಂದ ಬೆಕ್ಕುಗಳ ಕಣ್ಣನ್ನೇ ತೆಗೆಯಬೇಕಾಗಿ ಬಂದದ್ದನ್ನು ನಾನು ಕಂಡಿದ್ದೇನೆ. ತಂದವರೆಲ್ಲ ಬೆಕ್ಕನ್ನು ಮಗುವಿನಂತೆ ಸಾಕಿದವರೇ. ನೀವು ಎರಡೇ ಸಲ ಹಾಕಿದ್ದೀರಿ, ಈಗಲೇ ಕೇಳಿದ್ದೀರಿ, ಕಾಲ ಮಿಂಚಿಲ್ಲ. ವೈದ್ಯರ ಬಳಿ ಹೋಗುವಾಗ ಬಾಟಲಿಯನ್ನೂ ಒಯ್ಯಿರಿ, ಹಾಕಿದ್ದನ್ನು ಮುಚ್ಚಿಡಬೇಡಿ. ಯಾರೂ ನಿಮ್ಮನ್ನು ಗದರುವುದಿಲ್ಲ. ಏನು ಹಾಕಿದ್ದೀರಿ ಎಂದು ತಿಳಿದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಡೈಕ್ಲೊಫೆನಾಕ್, ಕೆಟೊರೊಲಾಕ್, ನೆಪಾಫೆನಾಕ್ ಎಂದಿದ್ದರೆ ಅದು ಸ್ಟೀರಾಯ್ಡ್ ಅಲ್ಲ, ನೋವು ಮತ್ತು ಉರಿಯೂತ ಕಡಿಮೆ ಮಾಡುವ ಹನಿ. ಹುಣ್ಣಿದ್ದರೆ ಅದೂ ಬೇಡ.

ಅತ್ತೆಯವರ ನಂದಿಬಟ್ಟಲನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಕಣ್ಣಿಗೆ ತಂಪು ಎಂದು ಬಳಸಿಕೊಂಡು ಬಂದ ಹೂವು ಅದು. ತೊಂದರೆ ಇರುವುದು ಬೇರೆ ಕಡೆ. ಗಿಡದಿಂದ ಕಿತ್ತ ಹೂವನ್ನು ನೆನೆಸಿದ ನೀರು ಶುದ್ಧವಾಗಿರುವುದಿಲ್ಲ, ಅದರಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರದ ಬೀಜಕಣ, ಗಿಡದ ಬಿಳಿ ಹಾಲು ಎಲ್ಲ ಇರಬಹುದು. ತೆರೆದ ಗಾಯದ ಮೇಲೆ ಅದನ್ನು ಬಿಟ್ಟರೆ ಇನ್ನೊಂದು ಸೋಂಕನ್ನು ಕರೆದಂತೆ. ಗುಲಾಬಿ ಜಲದಲ್ಲಿ ಸುಗಂಧವೂ ಸಂರಕ್ಷಕವೂ ಇರುತ್ತವೆ. ಎದೆಹಾಲು, ಜೇನು, ಹರಳೆಣ್ಣೆ, ಚಹಾದ ಡಿಕಾಕ್ಷನ್, ಬೋರಿಕ್ ಪುಡಿ ಯಾವುದೂ ಬೇಡ. ಡೆಟಾಲ್ ಬೆರೆಸಿದ ನೀರಂತೂ ಖಂಡಿತ ಬೇಡ: ಅದು ಕಣ್ಣನ್ನು ಸುಡುತ್ತದೆ, ಮುಖ ತೊಳೆದುಕೊಳ್ಳುವಾಗ ನೆಕ್ಕಿದರೆ ಬೆಕ್ಕಿಗೆ ವಿಷವೂ ಹೌದು. ನೆಲ ಒರೆಸುವ ಫಿನೈಲ್ ವಿಷಯವೂ ಹಾಗೆಯೇ. ಬೆಕ್ಕಿನ ಪಿತ್ತಜನಕಾಂಗಕ್ಕೆ ಆ ಬಗೆಯ ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಬಹಳ ಕಡಿಮೆ. ನೋವಿಗೆಂದು ಪ್ಯಾರಾಸಿಟಮಾಲ್ ಕೊಡುವ ಯೋಚನೆ ಯಾರಾದರೂ ಮಾಡಿದರೆ ತಡೆಯಿರಿ. ಒಂದು ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ವೈದ್ಯರು ಏನು ಮಾಡುತ್ತಾರೆ ಎಂದು ಮೊದಲೇ ತಿಳಿದಿದ್ದರೆ ನೀವು ಸರಿಯಾದ ಪ್ರಶ್ನೆ ಕೇಳಬಹುದು. ಫ್ಲೋರೆಸೀನ್ ಎಂಬ ಕಿತ್ತಳೆ ಬಣ್ಣ ಹಚ್ಚಿದ ಕಾಗದದ ಪಟ್ಟಿಯೊಂದಿದೆ. ಅದನ್ನು ಒಂದು ಹನಿ ಸಲೈನಿನಲ್ಲಿ ತೋಯಿಸಿ ಕಣ್ಣಿಗೆ ತಾಗಿಸುತ್ತಾರೆ, ತೊಳೆಯುತ್ತಾರೆ, ನೀಲಿ ಬೆಳಕು ಬಿಟ್ಟು ನೋಡುತ್ತಾರೆ. ಕಾರ್ನಿಯಾದ ಮೇಲ್ಪದರ ಹರಿಯದೆ ಇದ್ದರೆ ಬಣ್ಣ ನಿಲ್ಲುವುದಿಲ್ಲ. ಹುಣ್ಣು ಇದ್ದ ಕಡೆ ಹಸಿರಾಗಿ ಹೊಳೆಯುತ್ತದೆ. ಹರ್ಪಿಸ್‌ನ ಹುಣ್ಣು ಎಷ್ಟೋ ಸಲ ಕವಲೊಡೆದ ಸಣ್ಣ ಗೆರೆಗಳಾಗಿ ಕಾಣುತ್ತದೆ, ಒಮ್ಮೆ ನೋಡಿದವರು ಮರೆಯುವುದಿಲ್ಲ. ಸುತ್ತ ಹಸಿರು ಉಂಗುರ, ನಡುವೆ ಬಣ್ಣ ಹಿಡಿಯದ ಕಪ್ಪು ಜಾಗ ಕಂಡರೆ ಹುಣ್ಣು ಕಟ್ಟಕಡೆಯ ಪದರಕ್ಕೆ ಮುಟ್ಟಿದೆ ಎಂದರ್ಥ. ಆಗ ಮನೆಗೆ ಕಳಿಸುವ ಪ್ರಶ್ನೆಯೇ ಇಲ್ಲ, ಶಸ್ತ್ರಚಿಕಿತ್ಸೆಯ ಮಾತು ಶುರುವಾಗುತ್ತದೆ. ಇಡೀ ಪರೀಕ್ಷೆಗೆ ಐದು ನಿಮಿಷ ಹಿಡಿಯುತ್ತದೆ, ನೋವಿಲ್ಲ, ಖರ್ಚೂ ದೊಡ್ಡದಲ್ಲ. ಇದನ್ನು ಮಾಡದೆ ಯಾರಾದರೂ ಹನಿ ಬರೆದುಕೊಟ್ಟರೆ, "ಡಾಕ್ಟರೇ, ಬಣ್ಣ ಹಾಕಿ ಒಮ್ಮೆ ನೋಡುತ್ತೀರಾ?" ಎಂದು ಕೇಳಿ. ಕೇಳುವುದು ಅವಮಾನವಲ್ಲ, ನಿಮ್ಮ ಹಕ್ಕು. ಕಣ್ಣೀರಿನ ಪ್ರಮಾಣ ಅಳೆಯುವ ಪಟ್ಟಿ, ಕಣ್ಣಿನ ಒತ್ತಡ ಅಳೆಯುವ ಯಂತ್ರ ಇವೂ ಬೇಕಾಗಬಹುದು. ಎಲ್ಲ ಕ್ಲಿನಿಕ್ಕುಗಳಲ್ಲಿ ಒತ್ತಡದ ಯಂತ್ರ ಇರುವುದಿಲ್ಲ. ಮುಂಬೈಯವರಿಗೆ ಒಂದು ಅನುಕೂಲವಿದೆ. 1886ರಲ್ಲಿ ಶುರುವಾದ ಮುಂಬೈ ಪಶುವೈದ್ಯಕೀಯ ಕಾಲೇಜು, ಅದಕ್ಕೂ ಹಳೆಯದಾದ ಬಾಯಿ ಸಾಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಎರಡೂ ಪರೇಲಿನಲ್ಲೇ ಇವೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಕೈಚೆಲ್ಲಿದರೆ ಅಲ್ಲಿ ವಿಚಾರಿಸಬಹುದು.

ಚಿಕಿತ್ಸೆ ಬಣ್ಣದ ಪರೀಕ್ಷೆಯ ಮೇಲೆ ನಿಂತಿದೆ. ಹುಣ್ಣಿಲ್ಲ, ಕಣ್ಣು ತೆರೆದಿದೆ, ಊಟ ಮಾಡುತ್ತಾಳೆ ಎಂದಾದರೆ ಬರೀ ಶುಚಿ ಮಾಡುತ್ತ ಕಾಯುವುದೂ ಒಂದು ಚಿಕಿತ್ಸೆಯೇ. ಹರ್ಪಿಸ್‌ನ ಸೌಮ್ಯ ಮರುಕಳಿಕೆ ಒಂದೆರಡು ವಾರಗಳಲ್ಲಿ ತಾನೇ ತಣಿಯುವುದುಂಟು. ಹಳದಿ ಪಿಸುರಿದ್ದರೆ ಆಂಟಿಬಯಾಟಿಕ್ ಹನಿ ಅಥವಾ ಮುಲಾಮು ಕೊಡುತ್ತಾರೆ. ಇದು ವೈರಸ್ಸನ್ನು ಕೊಲ್ಲುವುದಿಲ್ಲ, ಅದರ ಬೆನ್ನಿಗೆ ಬಂದ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ. ನಿಯೋಮೈಸಿನ್, ಪಾಲಿಮಿಕ್ಸಿನ್ ಇರುವ ಮುಲಾಮುಗಳಿಂದ ಬೆಕ್ಕುಗಳಲ್ಲಿ ವಿರಳವಾಗಿ ತೀವ್ರ ಅಲರ್ಜಿ ಉಂಟಾಗಿ ಉಸಿರೇ ಕಟ್ಟಿದ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ನಾನು ಬೇರೆ ಆಯ್ಕೆ ಇರುವಾಗ ಅವುಗಳನ್ನು ಬರೆಯುವುದಿಲ್ಲ. ಕ್ಲಮೈಡಿಯಾದ ಸಂಶಯ ಬಲವಾಗಿದ್ದರೆ ಹನಿ ಸಾಲದು, ಡಾಕ್ಸಿಸೈಕ್ಲಿನ್ ಅನ್ನು ಬಾಯಿಯ ಮೂಲಕ ನಾಲ್ಕು ವಾರ ಕೊಡಬೇಕು. ವಾರದಲ್ಲಿ ಕಣ್ಣು ತಿಳಿಯಾಯಿತೆಂದು ನಿಲ್ಲಿಸಿದರೆ ಮರಳಿ ಬರುತ್ತದೆ. ಆ ಮಾತ್ರೆಯನ್ನು ಒಣಗಿದ್ದಂತೆಯೇ ನುಂಗಿಸಿದರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿ ಗಾಯ ಮಾಡುತ್ತದೆ, ನಾಳ ಕಿರಿದಾಗುವುದೂ ಉಂಟು. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ಕೆಲವು ಮಿಲಿಲೀಟರ್ ನೀರು ಕುಡಿಸಿ, ಅಥವಾ ಮೆತ್ತಗಿನ ಆಹಾರ ತಿನ್ನಿಸಿ.

ಹರ್ಪಿಸ್‌ನ ಹುಣ್ಣು ಕಂಡರೆ, ಅಥವಾ ಮರುಕಳಿಕೆ ತೀವ್ರವಾಗಿದ್ದರೆ ಫ್ಯಾಮ್‌ಸೈಕ್ಲೊವಿರ್ ಎಂಬ ಮಾತ್ರೆ ಇದೆ. ಮನುಷ್ಯರಿಗಾಗಿ ತಯಾರಾದದ್ದು, ಬೆಕ್ಕಿಗೂ ಒಗ್ಗುತ್ತದೆ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ಮೆಡಿಕಲ್ ಅಂಗಡಿಯಲ್ಲಿ ಅದು ಸಿಗದೆ "ಇದೂ ಅದೇ ಗುಂಪಿನದು" ಎಂದು ವಾಲಾಸೈಕ್ಲೊವಿರ್ ಕೊಟ್ಟರೆ ತೆಗೆದುಕೊಳ್ಳಲೇಬೇಡಿ. ಬೆಕ್ಕಿನ ಪಿತ್ತಜನಕಾಂಗ, ಮೂಳೆಮಜ್ಜೆಗಳನ್ನು ಹಾಳುಮಾಡಿ ಅದು ಸಾವಿಗೆ ಕಾರಣವಾಗುತ್ತದೆ. ಹೆಸರುಗಳು ಒಂದೇ ತರಹ ಕೇಳುವುದರಿಂದ ಚೀಟಿಯನ್ನು ಅಕ್ಷರ ಅಕ್ಷರ ಓದಿ. ಹರ್ಪಿಸ್‌ಗೆಂದು ಕೊಡುವ ಲೈಸಿನ್ ಎಂಬ ಪೋಷಕಾಂಶದ ಪುಡಿ, ಜೆಲ್ ಈಗಲೂ ಮಾರಾಟದಲ್ಲಿವೆ. ನಾವೂ ಹಿಂದೆ ಧಾರಾಳವಾಗಿ ಬರೆಯುತ್ತಿದ್ದೆವು. 2015ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ವಿಮರ್ಶೆಯೊಂದು ಅದರಿಂದ ಪ್ರಯೋಜನವಿಲ್ಲ ಎಂದು ಹೇಳಿತು. ಆ ಹಣವನ್ನು ಒಳ್ಳೆಯ ಆಹಾರಕ್ಕೆ ಬಳಸಿ.

ಹುಣ್ಣು ಮಾಯದೆ ಬಹಳ ದಿನ ಉಳಿದರೆ ಕಾರ್ನಿಯಾದ ಒಂದು ಭಾಗ ಸತ್ತು ಕಪ್ಪು ಚುಕ್ಕೆಯಾಗುತ್ತದೆ. ಪರ್ಷಿಯನ್ ಬೆಕ್ಕುಗಳಲ್ಲಿ ಇದು ಹೆಚ್ಚು, ಹರ್ಪಿಸ್ ಇರುವ ನಾಡ ಬೆಕ್ಕಿಗೂ ಬರಬಹುದು. ಆಗ ಸೂಕ್ಷ್ಮ ಶಸ್ತ್ರಚಿಕಿತ್ಸೆಯಿಂದ ಆ ಭಾಗವನ್ನು ಕೆತ್ತಿ ತೆಗೆಯುವುದೇ ಸಾಮಾನ್ಯ ಪರಿಹಾರ. ಮಾಯದ ಹುಣ್ಣನ್ನು ಸೂಜಿಯಿಂದ ಗೀರಿ ಮಾಯುವಂತೆ ಮಾಡುವ ಪದ್ಧತಿ ನಾಯಿಗಳಲ್ಲಿದೆ. ಬೆಕ್ಕಿಗೆ ಅದು ಸಲ್ಲದು, ಈ ಕಪ್ಪು ಚುಕ್ಕೆಯನ್ನು ತಾನೇ ಕರೆತರುತ್ತದೆ. ಅಂಥ ಸಲಹೆ ಬಂದರೆ ಕಣ್ಣಿನ ಪರಿಣತಿಯಿರುವ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ನಾಳೆಯವರೆಗೆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಮೆಡಿಕಲ್ ಅಂಗಡಿಯಿಂದ ನಾರ್ಮಲ್ ಸಲೈನ್ ತನ್ನಿ, ಸಿಗದಿದ್ದರೆ ಕುದಿಸಿ ಆರಿಸಿದ ನೀರು ಸಾಕು. ಹತ್ತಿಯ ಎಳೆ ಕಣ್ಣಿಗೆ ಅಂಟುತ್ತದೆ, ಗಾಜ್ ಬಟ್ಟೆ ಬಳಸಿ. ಉಗುರುಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಆ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಒಂದು ನಿಮಿಷ ಹಿಡಿಯಿರಿ. ಒಣಗಿದ ಪಿಸುರನ್ನು ಉಗುರಿನಿಂದ ಎಬ್ಬಿಸಬೇಡಿ, ಕೆಳಗಿನ ಚರ್ಮ ಕಿತ್ತು ಬರುತ್ತದೆ. ನೆನೆದ ಮೇಲೆ ಒಳಮೂಲೆಯಿಂದ ಹೊರಕ್ಕೆ ಒಂದೇ ಸಲ ಒರೆಸಿ ಆ ಬಟ್ಟೆಯನ್ನು ಎಸೆಯಿರಿ. ಇನ್ನೊಂದು ಕಣ್ಣಿಗೆ ಬೇರೆಯದು. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು. ಕಣ್ಣನ್ನು ಕೆರೆದುಕೊಳ್ಳುತ್ತಿದ್ದರೆ ಕೊರಳಿಗೆ ಲಾಳಿಕೆಯಾಕಾರದ ಕಾಲರ್ ಹಾಕಿ. ಎರಡು ದಿನ ಅವಳು ಮುನಿಸಿಕೊಂಡರೂ ಪರವಾಗಿಲ್ಲ, ಉಗುರಿನ ಒಂದು ಗೀರಿನಿಂದ ಕಣ್ಣು ಕಳೆದುಕೊಳ್ಳುವುದು ಬೇಡ. ಮೂಗು ಕಟ್ಟಿದ ಬೆಕ್ಕಿಗೆ ವಾಸನೆ ತಿಳಿಯದೆ ಊಟ ಸೇರುವುದಿಲ್ಲ. ಮೀನನ್ನೋ ಕೋಳಿಯನ್ನೋ ಬೇಯಿಸಿ ತುಸು ಬೆಚ್ಚಗೆ ಕೊಡಿ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ವೈದ್ಯರು ಹನಿ ಕೊಟ್ಟ ಮೇಲೆ ಅದನ್ನು ಹಾಕುವ ರೀತಿ. ಎದುರಿನಿಂದ ಬಾಟಲಿ ಹಿಡಿದು ಹೋದರೆ ಯಾವ ಬೆಕ್ಕೂ ಓಡುತ್ತದೆ. ಅವಳನ್ನು ಟವೆಲ್‌ನಲ್ಲಿ ಸುತ್ತಿ ನಿಮ್ಮ ಮಡಿಲಲ್ಲಿ, ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ಕೂರಿಸಿ. ಗಲ್ಲವನ್ನು ಮೇಲೆತ್ತಿ, ಬಾಟಲಿ ಹಿಡಿದ ಕೈಯನ್ನು ಅವಳ ತಲೆಯ ಮೇಲೆ ಊರಿ ಹಿಂದಿನಿಂದ ಹನಿಸಿ. ತುದಿ ಕಣ್ಣಿಗೆ ತಾಗಬಾರದು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಕೊನೆಗೆ. ಕೆಲವು ಹನಿ ಹಾಕಿದ ಕೂಡಲೇ ಬೆಕ್ಕಿನ ಬಾಯಲ್ಲಿ ನೊರೆ ಬರುತ್ತದೆ, ವಿಷವೇರಿತೆಂದು ಜನ ಬೆದರಿ ರಾತ್ರಿಯಲ್ಲಿ ಫೋನ್ ಮಾಡುತ್ತಾರೆ. ಕಣ್ಣೀರಿನ ನಾಳದ ಮೂಲಕ ಔಷಧಿ ಮೂಗಿಗೆ, ಗಂಟಲಿಗೆ ಇಳಿದು ಕಹಿ ತಾಗಿದ್ದರಿಂದ ಹಾಗಾಗುತ್ತದೆ. ಅಟ್ರೊಪಿನ್ ಹನಿಯಲ್ಲಿ ಇದು ಬಹಳ ಜೋರು. ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಮುಖ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಮಾತ್ರ ಅದು ಅಲರ್ಜಿ, ಕೂಡಲೇ ಓಡಬೇಕು.

ಮಗಳ ವಿಷಯದಲ್ಲಿ ಧೈರ್ಯವಾಗಿರಿ. ಬೆಕ್ಕಿನ ಹರ್ಪಿಸ್ ಬೆಕ್ಕಿನ ಜಾತಿಗೆ ಸೀಮಿತ, ಮನುಷ್ಯರಿಗೆ ಬರುವುದಿಲ್ಲ. ನಮ್ಮ ತುಟಿಯಲ್ಲಿ ಏಳುವ ಹರ್ಪಿಸ್ ಬೇರೆ ವೈರಸ್. ಬೆಕ್ಕಿನ ಕ್ಲಮೈಡಿಯಾದಿಂದ ಮನುಷ್ಯರ ಕಣ್ಣು ಕೆಂಪಾದದ್ದು ಅತಿ ವಿರಳವಾಗಿ ಉಂಟು. ಒರೆಸಿದ ಮೇಲೆ ಸೋಪಿನಿಂದ ಕೈ ತೊಳೆದರೆ ಸಾಕು. ಗರ್ಭಿಣಿಯರ ಸಂಬಂಧದಲ್ಲಿ ಜನ ಹೇಳುವ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹರಡುವುದು ಬೆಕ್ಕಿನ ಮಲದಿಂದ, ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪಿನಿಂದ, ಕಣ್ಣಿನ ಪಿಸುರಿನಿಂದಲ್ಲ. ಮಲದಲ್ಲಿರುವ ಅದರ ತತ್ತಿಗಳು ಸೋಂಕು ತರುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಗೌರಿ ಮಲ ಮಾಡುವ ಮರಳಿನ ತಟ್ಟೆಯನ್ನು ನೀವು ದಿನವೂ ಶುಚಿ ಮಾಡಿ, ಮಗಳು ಅದನ್ನು ಮುಟ್ಟುವುದು ಬೇಡ. ಹಸಿ ಮಾಂಸ ಗೌರಿಗೂ ಬೇಡ. ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದು ಎಂದು ನೆಂಟರು ಹೇಳುತ್ತಾರೆ, ನೀವು ಈ ಎರಡು ವಿಷಯ ಪಾಲಿಸಿದರೆ ಅವಳನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ.

ಪೂರ್ತಿ ಗುಣವಾಗುತ್ತದೆಯೇ ಎಂದರೆ, ಹರ್ಪಿಸ್ ಆಗಿದ್ದರೆ ವೈರಸ್ ಅವಳ ದೇಹದಲ್ಲಿ ಉಳಿದೇ ಇರುತ್ತದೆ. ಆದರೆ ಗೌರಿ ಮೂರು ವರ್ಷ ತೊಂದರೆಯಿಲ್ಲದೆ ಕಳೆದಿದ್ದಾಳೆ ಎನ್ನುವುದನ್ನು ಮರೆಯಬೇಡಿ. ಬಹುಪಾಲು ಬೆಕ್ಕುಗಳು ಹಾಗೆಯೇ ನೆಮ್ಮದಿಯಾಗಿ ಬಾಳುತ್ತವೆ, ಅಪರೂಪಕ್ಕೊಮ್ಮೆ ಸೀನುತ್ತವೆ. ಲಸಿಕೆ ಬಾಕಿ ಇದ್ದರೆ ಈ ಸೋಂಕು ಇಳಿದ ಮೇಲೆ ಹಾಕಿಸಿ. ಲಸಿಕೆ ವೈರಸ್ಸನ್ನು ಓಡಿಸುವುದಿಲ್ಲ, ಕಾಯಿಲೆಯ ತೀವ್ರತೆಯನ್ನು ತಗ್ಗಿಸುತ್ತದೆ. ಮುಂದಿನ ಸಲ ಊರಿಗೆ ಹೋಗುವಾಗ ಸಾಧ್ಯವಾದರೆ ಅವಳನ್ನು ಮನೆಯಲ್ಲೇ ಬಿಟ್ಟು ಪರಿಚಿತರೊಬ್ಬರು ದಿನಕ್ಕೆ ಎರಡು ಸಲ ಬಂದು ಹೋಗುವಂತೆ ಮಾಡಿ. ಬೋರ್ಡಿಂಗ್ ಅನಿವಾರ್ಯವಾದರೆ ಅವಳು ಮಲಗುವ ಹಾಸನ್ನು ತೊಳೆಯದೆ ಜೊತೆಗೆ ಕಳಿಸಿ, ಮರಳಿದ ಮೇಲೆ ಎರಡು ವಾರ ಕಣ್ಣಿನ ಮೇಲೆ ಗಮನವಿಡಿ.

ಅದಕ್ಕಿಂತ ಮೊದಲೇ ಒಂದು ಸಂದರ್ಭ ಬರಲಿದೆ, ಅದನ್ನು ನೀವು ಯೋಚಿಸಿರಲಿಕ್ಕಿಲ್ಲ. ಮಗಳು ಬರುತ್ತಾಳೆ, ಮಗು ಹುಟ್ಟುತ್ತದೆ, ನೋಡಲು ಜನ ಬರುತ್ತಾರೆ, ಎರಡು ಕೋಣೆಯ ಮನೆಯಲ್ಲಿ ಒಂದು ಬಾಣಂತಿಯ ಕೋಣೆಯಾಗುತ್ತದೆ, ಬೆಳಿಗ್ಗೆ ಸಂಜೆ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಗೌರಿಯ ಪಾಲಿಗೆ ಇದು ಬೋರ್ಡಿಂಗ್‌ಗಿಂತ ದೊಡ್ಡ ಬದಲಾವಣೆ, ಜೊತೆಗೆ ಹೊಗೆ. ಅವಳ ಹಾಸು, ನೀರು, ಮರಳಿನ ತಟ್ಟೆಯನ್ನು ಆ ಕೋಣೆಯಿಂದ ದೂರದ ಒಂದು ಮೂಲೆಗೆ ಈ ವಾರದಿಂದಲೇ ಸ್ವಲ್ಪ ಸ್ವಲ್ಪವಾಗಿ ಸರಿಸಿ, ಏರಿ ಕೂರಲು ಎತ್ತರದ ಜಾಗವೊಂದನ್ನು ಮಾಡಿಕೊಡಿ. ಸಾಂಬ್ರಾಣಿ ಹಾಕುವುದೇ ಆದರೆ ಬಾಗಿಲು ಮುಚ್ಚಿ, ಕಿಟಕಿ ತೆರೆದು ಹಾಕಿ. ಹಾಕದಿದ್ದರೆ ಮಗುವಿನ ಉಸಿರಿಗೂ ಒಳ್ಳೆಯದು. ಹೆರಿಗೆಯ ನಂತರದ ಎರಡು ವಾರಗಳಲ್ಲಿ ಗೌರಿ ಒಂದು ಕಣ್ಣನ್ನು ಕಿರಿದು ಮಾಡಿದ್ದು ಕಂಡರೆ, ಮನೆಯಲ್ಲಿ ಎಷ್ಟೇ ಗಡಿಬಿಡಿಯಿದ್ದರೂ ಆ ದಿನವೇ ಯಾರಾದರೊಬ್ಬರು ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ಯುವಂತೆ ಈಗಲೇ ಮಾತಾಡಿಕೊಳ್ಳಿ.